ಎಳೆದು ನೋಡುವ ಪರೀಕ್ಷೆ: ರೇಷ್ಮೆ ನೂಲು ಮತ್ತು ಕೊನೆಗಾರನ ಹಗ್ಗ



ಹಗ್ಗ ಕೊಳ್ಳುವಾಗ ನಾವೆಲ್ಲ ಎರಡು ಕೈಯಲ್ಲಿ ಜಗ್ಗಿ ನೋಡಿ ‘ಗಟ್ಟಿಯಿದೆ’ ಎನ್ನುತ್ತೇವೆ. ಎಷ್ಟು ಗಟ್ಟಿ ಎಂಬುದು ಅದರಿಂದ ತಿಳಿಯದು. ತುಂಡಾಗುವವರೆಗೂ ಎಳೆದು, ಆಗಿನ ಭಾರವನ್ನೂ ಅಷ್ಟರಲ್ಲಿ ಅದು ಎಷ್ಟು ಹಿಗ್ಗಿತೆಂಬುದನ್ನೂ ಅಳೆಯಬೇಕು. ಇದೇ ಕರ್ಷಣ ಪರೀಕ್ಷೆ. ಮನೆ ಕಟ್ಟುವ ಕಬ್ಬಿಣದ ಸರಳಿಗೂ ಇದನ್ನೇ ಮಾಡುತ್ತಾರೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆಯನ್ನೇ ನೋಡಿ. ಏಳೆಂಟು ಗೂಡುಗಳ ಎಳೆ ಕೂಡಿಸಿ ಒಂದು ನೂಲು ಬಿಚ್ಚುತ್ತಾರೆ. ಅದರ ದಪ್ಪವನ್ನು ತೂಕದಿಂದ ಹೇಳುವುದು ರೂಢಿ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೀನಿಯರ್. ಒಳ್ಳೆಯ ಕಚ್ಚಾ ರೇಷ್ಮೆ ಡೀನಿಯರ್ ಒಂದಕ್ಕೆ ಸುಮಾರು 3.5 ಗ್ರಾಂ ತಡೆಯುತ್ತದೆ. ಅಂದರೆ 20 ಡೀನಿಯರ್ ನೂಲು ಸುಮಾರು 70 ಗ್ರಾಂ ಹೊರುತ್ತದೆ. ಕಡಿಯುವ ಮುನ್ನ ತನ್ನ ಉದ್ದದ ಐದನೆಯ ಒಂದು ಪಾಲಿನಷ್ಟು ಹಿಗ್ಗುತ್ತದೆ. ಮಗ್ಗದ ಹೊಡೆತವನ್ನು ತಾಳಿಕೊಳ್ಳುವುದು ಈ ಹಿಗ್ಗುವ ಗುಣವೇ.

ಒಂದು ಗೂಡು ಮುಗಿದಾಗ ಬಿಚ್ಚುವವರು ಕೂಡಲೇ ಮತ್ತೊಂದನ್ನು ಸೇರಿಸದಿದ್ದರೆ ಆ ಜಾಗದಲ್ಲಿ ನೂಲು ಸಣ್ಣದಾಗುತ್ತದೆ. ಎಳೆದಾಗ ಕಡಿಯುವುದು ಅಲ್ಲಿಯೇ. ಒಂದೇ ಎಳೆಯನ್ನು ನಂಬಲಾಗದೆಂದು ಸೆರಿಗ್ರಾಫ್ ಯಂತ್ರದಲ್ಲಿ ನೂರಾರು ಎಳೆಗಳನ್ನು ಒಟ್ಟಿಗೆ ಎಳೆಯುತ್ತಾರೆ. ಕೋಣೆಯ ತೇವವನ್ನೂ ಶೇಕಡಾ 65ರ ಸುಮಾರಿಗೆ ನಿಲ್ಲಿಸುತ್ತಾರೆ, ಏಕೆಂದರೆ ನೆಂದ ರೇಷ್ಮೆಯ ಬಲ ಕುಗ್ಗುತ್ತದೆ. ಹತ್ತಿಯದು ವಿಚಿತ್ರ, ನೆಂದರೆ ಬಲ ಹೆಚ್ಚುತ್ತದೆ! ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ತಾಂತ್ರಿಕ ಸಂಶೋಧನಾ ಸಂಸ್ಥೆ 1983ರಿಂದ ಇಂಥ ಕೆಲಸದಲ್ಲಿ ತೊಡಗಿದೆ.

ಇನ್ನು ನಮ್ಮ ಅಡಿಕೆ ತೋಟಕ್ಕೆ ಬರೋಣ. ಕೊನೆಗಾರನ ಜೀವ ಹಗ್ಗದ ಮೇಲಿರುತ್ತದೆ. ಕಂಪನಿಯವರು ಹೇಳುವ ಭಾರ ಹೊಸ ಹಗ್ಗದ್ದು, ಗಂಟಿಲ್ಲದ್ದು. ಗಂಟು ಹಾಕಿದರೆ ಬಲ ಅರ್ಧಕ್ಕೂ ಇಳಿಯಬಹುದು. ನೈಲಾನ್ ಹಗ್ಗ ಬಿಸಿಲಿಗೆ ಸವೆಯುತ್ತದೆ, ನೋಡಲು ಮಾತ್ರ ಹಾಗೇ ಇರುತ್ತದೆ. ಮೇಲಾಗಿ ಕಾಲು ಜಾರಿ ಬಿದ್ದವನ ಜಗ್ಗು ಅವನ ತೂಕದ ಹಲವು ಪಟ್ಟು. ಆದ್ದರಿಂದಲೇ ಮನುಷ್ಯರನ್ನು ಹೊರುವ ಹಗ್ಗದ ತುಂಡಾಗುವ ಭಾರ ಅವನ ತೂಕದ ಹತ್ತು ಪಟ್ಟಾದರೂ ಇರಬೇಕೆನ್ನುವುದು. 70 ಕಿಲೋ ಆಳಿಗೆ 700 ಕಿಲೋ. ಹೆಚ್ಚಿದ್ದರೆ ನಷ್ಟವೇನಿಲ್ಲ. ಕೊಳ್ಳುವಾಗ ಈ ಅಂಕಿಯನ್ನು ಕೇಳಿ ಪಡೆಯಿರಿ. ಹೇಳಲಾಗದ ಅಂಗಡಿಯಲ್ಲಿ ಕೊಳ್ಳಬೇಡಿ. ಮರ ಹತ್ತುವ ಹಗ್ಗವನ್ನು ಲಾರಿ ಕಟ್ಟಲು, ದಿಮ್ಮಿ ಎಳೆಯಲು ಕೊಡಬಾರದು. ಒಮ್ಮೆ ಬಿದ್ದವನನ್ನು ತಡೆದ ಹಗ್ಗವನ್ನು ಬೇಲಿಗೋ ಬಾಳೆಗೊನೆಗೋ ಬಳಸಿ, ಮತ್ತೆ ಮರಕ್ಕೆ ಬೇಡ.