ಹಾಸ್ಟೆಲ್ ಮಂಚದ ಪಕ್ಕದಲ್ಲೊಂದು ಗರಡಿ

ಹೋದ ಡಿಸೆಂಬರ್‌ನಲ್ಲಿ ನಾವು ಹನ್ನೊಂದು ಮಂದಿ ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಲು ಹೋಗಿದ್ದೆವು. ಮೇಲೆ ಟಿಪ್ಪು ಕಟ್ಟಿಸಿದ ಜಮಲಾಬಾದ್ ಕೋಟೆ. ಅಲ್ಲಿಗೆ ಸಾವಿರದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು. ಬುಡದಲ್ಲಿ ತೆಗೆದ ಫೋಟೋದಲ್ಲಿ ಹನ್ನೊಂದು ಜನ ಇದ್ದೇವೆ, ತುದಿಯಲ್ಲಿ ತೆಗೆದ ಫೋಟೋದಲ್ಲಿ ಐದೇ ಜನ. ಉಳಿದ ಆರು ಮಂದಿ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ ಕೂತಿದ್ದೆವು. ಯಾರಿಗೂ ಇಪ್ಪತ್ತೆರಡು ತುಂಬಿರಲಿಲ್ಲ. ನಮ್ಮನ್ನು ದಾಟಿ ಹೋದ ಒಬ್ಬರು ಹಿರಿಯರು, "ಎಂತ ಮಕ್ಕಳೇ, ಇಷ್ಟಕ್ಕೇ ಸುಸ್ತಾ?" ಅಂತ ಕೇಳಿ ನಕ್ಕು ಹತ್ತಿಯೇ ಬಿಟ್ಟರು.

ಅವರಿಗೆ ಕೊಡಲು ನಮ್ಮ ಹತ್ತಿರ ಉತ್ತರ ಇರಲಿಲ್ಲ, ನೆಪ ಮಾತ್ರ ಇತ್ತು. ಹಾಸ್ಟೆಲ್‌ನಲ್ಲಿ ಜಿಮ್ ಇಲ್ಲ. ಪೇಟೆಯ ಜಿಮ್ಮಿಗೆ ಹೋಗಿ ಬರುವಷ್ಟರಲ್ಲಿ ಗೇಟ್ ಹಾಕಿರ್ತಾರೆ. ಮೈದಾನದಲ್ಲಿ ಓಡೋಣ ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಜಿಲ್ಲೆಯಲ್ಲಿ ಬೀಳೋ ಮಳೆ ನಿಮಗೇ ಗೊತ್ತುಂಟು. ಉಳಿದದ್ದು ಎರಡು ಮಂಚಗಳ ನಡುವಿನ ಜಾಗ. ಒಂದು ಚಾಪೆ ಹಾಸುವಷ್ಟು. ಅಷ್ಟರಲ್ಲಿ ಎಂತ ಮಾಡಬಹುದು ಅಂತ ಒಂದು ಸೆಮಿಸ್ಟರ್ ಪೂರ್ತಿ ಪ್ರಯೋಗ ಮಾಡಿ ನೋಡಿದೆವು. ಅದರ ವರದಿ ಇದು.

ಮೊದಲು ಒಂದು ಲೆಕ್ಕ

ಗಡಾಯಿಕಲ್ಲಿನಿಂದ ವಾಪಸ್ ಬರುವಾಗ ಕಲ್ಲಡ್ಕದಲ್ಲಿ ಇಳಿದು ಕೆ.ಟಿ. ಕುಡಿದೆವು. ಕೆಳಗೆ ಹಾಲು, ಮೇಲೆ ಡಿಕಾಕ್ಷನ್, ಕಲಕುವ ತನಕ ಬೇರೆ ಬೇರೆಯಾಗಿಯೇ ನಿಲ್ಲುವ ಆ ಚಹಾ. "ಇಷ್ಟು ಹತ್ತಿದ್ದೇವೆ, ಇನ್ನೊಂದು ಕುಡಿದ್ರೆ ತಪ್ಪಿಲ್ಲ ಮಾರಾಯ" ಅಂದ ಒಬ್ಬ. ತಪ್ಪು ಉಂಟೋ ಇಲ್ವೋ, ಲೆಕ್ಕ ಹಾಕೋಣ.

60 ಕೆ.ಜಿ. ತೂಕದವನು 3 ಮೀಟರ್ ಎತ್ತರದ ಒಂದು ಮಹಡಿ ಹತ್ತಿದರೆ ಮಾಡಿದ ಕೆಲಸ ಎಂ ಜಿ ಎಚ್, ಅಂದರೆ ಸುಮಾರು 1760 ಜೌಲ್. ಹತ್ತು ಮಹಡಿಗೆ 17.6 ಕಿಲೋಜೌಲ್, ಅಂದರೆ 4.2 ಕಿಲೋಕ್ಯಾಲರಿ. ನಮ್ಮ ದೇಹದ ದಕ್ಷತೆ ಶೇ. 20–25ರ ಆಸುಪಾಸು ಇರುವುದರಿಂದ ಖರ್ಚಾಗುವುದು ಸುಮಾರು 20 ಕಿಲೋಕ್ಯಾಲರಿ. ಒಂದು ಚಮಚ, ಅಂದರೆ 5 ಗ್ರಾಂ ಸಕ್ಕರೆಯಲ್ಲಿ ಇರುವುದೂ ಅಷ್ಟೇ! ಹತ್ತು ಮಹಡಿ ಹತ್ತಿದ್ದಕ್ಕೆ ಸಿಗುವುದು ಒಂದು ಚಮಚ ಸಕ್ಕರೆ.

ಹಾಗಾದರೆ ವ್ಯಾಯಾಮ ದಂಡವಾ? ಅಲ್ಲ. ವ್ಯಾಯಾಮ ಮಾಡುವುದು ತಿಂದದ್ದನ್ನು ಸುಡಲಿಕ್ಕೆ ಮಾತ್ರ ಅಂದುಕೊಂಡದ್ದು ನಮ್ಮ ಮೊದಲ ತಪ್ಪು. ಸ್ನಾಯು, ಹೃದಯ, ಶ್ವಾಸಕೋಶ, ಮೂಳೆ ಇವುಗಳ ಮೇಲೆ ಬೀಳುವ ಹೊರೆಗೆ ತಕ್ಕಂತೆ ದೇಹ ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ. ಆ ಹೊರೆ ಕಬ್ಬಿಣದ್ದೋ, ನಮ್ಮದೇ ಮೈಯದ್ದೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಕಬ್ಬಿಣ ಬೇಕೇ ಬೇಕಾ?

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಭಾರದ ತೂಕವನ್ನು ಕಡಿಮೆ ಸಲ ಎತ್ತಿತು, ಇನ್ನೊಂದು ಹಗುರ ತೂಕವನ್ನು ಹೆಚ್ಚು ಸಲ ಎತ್ತಿತು. ಇಬ್ಬರೂ ಇನ್ನು ಆಗುವುದಿಲ್ಲ ಅನ್ನುವ ತನಕ ಎತ್ತಿದರು. 12 ವಾರಗಳ ನಂತರ ಸ್ನಾಯು ಬೆಳೆದದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಅಂದರೆ ಮುಖ್ಯವಾದದ್ದು ಸ್ನಾಯು ಸೋಲುವ ಹತ್ತಿರಕ್ಕೆ ಹೋಗುವುದು.

ಇದು ನಮ್ಮವರಿಗೆ ಹೊಸತೂ ಅಲ್ಲ. ತುಳುನಾಡಿನಲ್ಲಿ ಗರಡಿ ಅಂದ ಕೂಡಲೇ ಕೋಟಿ–ಚೆನ್ನಯರ ಗುಡಿ ನೆನಪಾಗುತ್ತದೆ, ಆದರೆ ಗರಡಿ ಅಂದರೆ ಸಾಮು ಮಾಡುವ ಜಾಗವೂ ಹೌದು. ಅಲ್ಲಿನ ದಂಡ, ಬಸ್ಕಿಗೆ ಬೇಕಾದದ್ದು ನೆಲ ಮಾತ್ರ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು, 1930ರಲ್ಲೇ 'ಮಸಲ್ ಕಲ್ಟ್' ಅನ್ನುವ ಪುಸ್ತಕ ಬರೆದವರು. ಅವರು ಅಂಚೆಯ ಮೂಲಕವೂ ವ್ಯಾಯಾಮ ಕಲಿಸುತ್ತಿದ್ದರು! ಆ ಕಾಲದಲ್ಲಿ ಕಾಗದ ನೋಡಿ ಕೋಣೆಯಲ್ಲಿ ಮೈ ಬೆಳೆಸಿದವರಿದ್ದರೆ, ಕೈಯಲ್ಲಿ ಫೋನ್ ಇರುವ ನಮಗೆ ಎಂತ ಕಷ್ಟ?

ನಾಲ್ಕು ಚಲನೆ, ವಾರಕ್ಕೆ ಮೂರು ದಿನ

ಒಂದು, ತಳ್ಳುವುದು. ಪುಷ್‌ಅಪ್‌ನಲ್ಲಿ ತೂಕ ಹೆಚ್ಚುಕಡಿಮೆ ಮಾಡುವುದು ಮೊದಲ ವರ್ಷದ ಮೆಕ್ಯಾನಿಕ್ಸ್ ಲೆಕ್ಕವೇ. ಕೈ ನೆಲದಲ್ಲಿಟ್ಟರೆ ಮೈತೂಕದ ಸುಮಾರು ಶೇ. 64 ಕೈಗಳ ಮೇಲೆ ಬೀಳುತ್ತದೆ. 60 ಸೆಂ.ಮೀ. ಎತ್ತರದ ಅಂಚಿನಲ್ಲಿ ಕೈಯಿಟ್ಟರೆ ಶೇ. 41. ತಿರುಗಿ ಕಾಲನ್ನು ಅಷ್ಟೇ ಎತ್ತರದಲ್ಲಿಟ್ಟರೆ ಶೇ. 74. ಅಂದರೆ 60 ಕೆ.ಜಿ.ಯವನಿಗೆ 25, 38, 44 ಕೆ.ಜಿ. ಒಂದೇ ಮೇಜು, ಮೂರು ತೂಕ! ಒಂದೂ ಪುಷ್‌ಅಪ್ ಆಗದವರು ಗೋಡೆಯಿಂದ ಶುರು ಮಾಡಿ ಮೇಜು, ಮಂಚ, ನೆಲ ಹೀಗೆ ಇಳಿಯುತ್ತಾ ಬನ್ನಿ. ಮೇಜು ಅಲುಗಾಡದಂತೆ ಗೋಡೆಗೆ ಒತ್ತಿ ಇಟ್ಟಿರಬೇಕು.

ಎರಡು, ಬಸ್ಕಿ. ಮೂರು ಎಣಿಸುತ್ತಾ ಇಳಿಯಿರಿ, ಒಂದು ಕ್ಷಣ ನಿಂತು ಏಳಿ. ಇದು ಸಲೀಸಾದಾಗ ಒಂದು ಕಾಲನ್ನು ಹಿಂದೆ ಮಂಚದ ಮೇಲಿಟ್ಟು ಇನ್ನೊಂದರ ಮೇಲೆ ಮಾಡಿ. ಹೊರೆ ಹೆಚ್ಚುಕಡಿಮೆ ಇಮ್ಮಡಿ.

ಮೂರು, ಎಳೆಯುವುದು. ರೂಮಿನಲ್ಲಿ ಮಾಡುವವರು ಹೆಚ್ಚಾಗಿ ಇದನ್ನೇ ಬಿಡುತ್ತಾರೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂರುವ ನಮಗೆ ಬೆನ್ನಿನ ಕೆಲಸವೇ ಹೆಚ್ಚು ಬೇಕು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಿಟ್ಟು (ಮರೆಯಬೇಡಿ!) ಪುಸ್ತಕ, ನೀರಿನ ಬಾಟಲಿ ತುಂಬಿ. ಒಂದು ಲೀಟರ್ ನೀರು ಒಂದು ಕೆ.ಜಿ., ತಕ್ಕಡಿ ಬೇಡ. ಒಂದು ಕೈ ಮೇಜಿನ ಮೇಲೂರಿ, ಬೆನ್ನು ನೇರವಾಗಿಟ್ಟು ಸೊಂಟದಿಂದ ಬಗ್ಗಿ, ಇನ್ನೊಂದು ಕೈಯಲ್ಲಿ ಬ್ಯಾಗನ್ನು ಸೊಂಟದ ಕಡೆಗೆ ಎಳೆಯಿರಿ. ಬಾಗಿಲು, ಕಪಾಟುಗಳಿಗೆ ಜೋತುಬೀಳುವುದು ಬೇಡ, ಅವು ಅದಕ್ಕಾಗಿ ಮಾಡಿದವಲ್ಲ.

ನಾಲ್ಕು, ನಡು. ಮೊಣಕೈ ಊರಿ ಮೈಯನ್ನು ಹಲಗೆಯ ಹಾಗೆ ನೇರ ಹಿಡಿಯುವ ಪ್ಲ್ಯಾಂಕ್. 20 ಸೆಕೆಂಡಿನಿಂದ ಶುರು ಮಾಡಿದರೆ ಸಾಕು.

ಪ್ಲ್ಯಾಂಕ್ ಬಿಟ್ಟು ಪ್ರತಿಯೊಂದೂ ಮೂರು ಸುತ್ತು. ಇನ್ನೆರಡು ಮಾತ್ರ ಆದೀತು ಅನ್ನಿಸಿದಾಗ ನಿಲ್ಲಿಸಿ. ಮೂರು ಸುತ್ತಲ್ಲೂ 15 ಆಗುತ್ತಿದ್ದರೆ ಮುಂದಿನ ಕಷ್ಟದ ಹಂತಕ್ಕೆ ಹೋಗಿ. ಒಟ್ಟು 25 ನಿಮಿಷ. ಕುಣಿತ–ಜಿಗಿತ ಇಲ್ಲದ್ದರಿಂದ ಕೆಳಗಿನ ರೂಮಿನವರು ಬಂದು ಬಾಗಿಲು ಬಡಿಯುವುದಿಲ್ಲ.

ಮೆಟ್ಟಿಲು ಮತ್ತು ಮೆಸ್

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ ಬೇಕು, ಜೊತೆಗೆ ಎರಡು ದಿನವಾದರೂ ಸ್ನಾಯು ಬಲದ ವ್ಯಾಯಾಮ. ಒಂದೇ ಸಲ ಮಾಡಬೇಕೆಂದೂ ಇಲ್ಲ. ಮಳೆಗಾಲದಲ್ಲಿ ನಮಗೆ ಒದಗಿದ್ದು ಹಾಸ್ಟೆಲ್ ಮೆಟ್ಟಿಲು. ಊಟಕ್ಕೆ ಮುಂಚೆ ಹತ್ತು ನಿಮಿಷ ಹತ್ತಿ ಇಳಿದೆವು.

ಇನ್ನು ಪ್ರೋಟೀನ್ ಪುಡಿ. ನಮ್ಮಲ್ಲೊಬ್ಬ ಮನೆಯಿಂದ ಬಂದ ತಿಂಗಳ ಖರ್ಚಿನ ಹಣವನ್ನೆಲ್ಲ ಒಂದು ಡಬ್ಬಿಗೆ ಸುರಿದು, ಆಮೇಲೆ ನಮ್ಮ ಹತ್ತಿರ ಸಾಲ ಕೇಳಿದ. ಐಸಿಎಂಆರ್ ಶಿಫಾರಸು ದಿನಕ್ಕೆ ಕೆ.ಜಿ. ಮೈತೂಕಕ್ಕೆ 0.83 ಗ್ರಾಂ, ಅಂದರೆ 60 ಕೆ.ಜಿ.ಗೆ 50 ಗ್ರಾಂ. ವ್ಯಾಯಾಮ ಮಾಡುವವರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ನೆಲಗಡಲೆಯಲ್ಲಿ 25 ಗ್ರಾಂ ಉಂಟು. ಮೆಸ್ಸಿನ ಹೆಸರುಕಾಳು, ಹುರುಳಿ, ಮೊಸರು ಬಿಡದೆ ತಿಂದರೆ ಡಬ್ಬಿಯ ಅಗತ್ಯ ಹೆಚ್ಚಿನವರಿಗೆ ಬೀಳುವುದಿಲ್ಲ.

ನಾವು ಮಾಡಿದ ತಪ್ಪುಗಳು

ಮೊದಲ ದಿನವೇ ಹುಮ್ಮಸ್ಸಿನಲ್ಲಿ ನೂರು ಬಸ್ಕಿ ಹೊಡೆದೆವು. ಮೂರನೇ ದಿನ ಮೆಸ್ಸಿಗೆ ಇಳಿಯುವಾಗ ಕೈತಾಂಗು ಹಿಡಿದುಕೊಂಡೇ ಇಳಿಯಬೇಕಾಯಿತು, ನಾಲ್ಕು ಮಂದಿ ಅಲ್ಲಿಗೇ ಬಿಟ್ಟರು. ಹಾಗಾಗಿ ಮೊದಲ ವಾರ ಒಂದೇ ಸುತ್ತು ಸಾಕು. ಸ್ನಾಯು ನೋವು ಎರಡು ಮೂರು ದಿನದಲ್ಲಿ ಹೋಗುತ್ತದೆ. ಗಂಟಿನಲ್ಲಿ ಚುಚ್ಚುವ ನೋವು, ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಜ್ವರ ಇರುವಾಗ ಮಲಗುವುದೇ ವ್ಯಾಯಾಮ.

ಪರೀಕ್ಷೆಯ ವಾರದಲ್ಲಿ ಪೂರ್ತಿ ಬಿಟ್ಟವರು ಮತ್ತೆ ಹಿಡಿಯಲಿಲ್ಲ, ಒಂದೇ ಸುತ್ತಾದರೂ ಮಾಡಿದವರು ಉಳಿದರು. ಹನ್ನೊಂದರಲ್ಲಿ ಈಗ ಉಳಿದಿರುವುದು ಆರು ಮಂದಿ. ಅದರಲ್ಲಿ ನಾಲ್ವರು ಅವತ್ತು ಗಡಾಯಿಕಲ್ಲಿನ ಅರ್ಧದಲ್ಲಿ ಕೂತವರೇ.

ಈ ಡಿಸೆಂಬರ್‌ನಲ್ಲಿ ಮತ್ತೆ ಹೋಗುತ್ತೇವೆ. ಬರುವವರು ಇವತ್ತೇ ಮಂಚದ ಕೆಳಗಿನ ಬಕೆಟ್, ಚಪ್ಪಲಿ ಆಚೆ ಸರಿಸಿ ಚಾಪೆ ಹಾಸಿ. ಮೇಲಿನ ಫೋಟೋದಲ್ಲಿ ಸಿಗೋಣ, ಕೆ.ಟಿ. ಆಮೇಲೆ.