ಬಾಣಂತಿ ಉಸಿರು ಸಾಲದೆಂದರೆ ಅಲಕ್ಷ್ಯ ಬೇಡ

ತಾಯಿ-ಮಗು ಕ್ಷೇಮವೆಂಬ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ ಪೇಢೆ ಹಂಚುತ್ತೇವೆ. ಅಳಿಯಂದಿರು ಅಂಗಡಿ ಬಿಟ್ಟು ಬಹಳ ದಿನ ಇರಲಾಗದೆ ತಮ್ಮ ಊರಿಗೆ ಮರಳುತ್ತಾರೆ. ತವರಿನಲ್ಲಿ ತೊಟ್ಟಿಲಿನ ಸಿದ್ಧತೆ ನಡೆಯುತ್ತದೆ. ಗಂಡಾಂತರ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ರಕ್ತ ಹೆಪ್ಪುಗಟ್ಟುವ ಕಾಯಿಲೆಯ ಮಟ್ಟಿಗೆ ಹೇಳುವುದಾದರೆ, ತಾಯಿಗೆ ಹೆಚ್ಚಿನ ಅಪಾಯವಿರುವುದು ಹೆರಿಗೆಯ ನಂತರವೇ. ಮೊದಲ ಕೆಲವು ವಾರ ಅದು ಅತಿ ಹೆಚ್ಚು. ಆರು ವಾರಗಳ ತರುವಾಯ ಬಹಳ ಇಳಿಯುತ್ತದೆ, ಹನ್ನೆರಡು ವಾರಗಳವರೆಗೂ ಸ್ವಲ್ಪ ಉಳಿದಿರುತ್ತದೆ.

ಸಾವಿರ ಬಸಿರಿಗೆ ಒಬ್ಬರಿಬ್ಬರಲ್ಲಿ ಕಾಣುವ ಕಾಯಿಲೆಯಿದು. ಅಪರೂಪವೆಂದೇ ಇದರ ನೆನಪು ಯಾರಿಗೂ ಆಗುವುದಿಲ್ಲ. ಹೆರಿಗೆಯಲ್ಲಿ ರಕ್ತ ಬಹಳ ಹೋಗಬಾರದೆಂದು ಪ್ರಕೃತಿಯೇ ಬಸುರಿಯ ರಕ್ತಕ್ಕೆ ಹೆಪ್ಪುಗಟ್ಟುವ ಗುಣವನ್ನು ಹೆಚ್ಚಿಸುತ್ತದೆ. ತುಂಬಿದ ಗರ್ಭದ ಭಾರಕ್ಕೆ ಕಾಲಿನಿಂದ ಮೇಲೇರುವ ರಕ್ತ ನಿಧಾನವಾಗುತ್ತದೆ. ಸಿಝೇರಿಯನ್ ಆದರೆ ರಕ್ತನಾಳಗಳಿಗೆ ಪೆಟ್ಟೂ ಬೀಳುತ್ತದೆ, ಹಾಸಿಗೆಯೂ ಹಿಡಿಸುತ್ತದೆ. ಹೀಗೆ ಕಾಲಿನ ಒಳನಾಳದಲ್ಲಿ, ಹೆಚ್ಚಾಗಿ ಎಡಗಾಲಿನಲ್ಲಿ, ಗಡ್ಡೆ ಕಟ್ಟುತ್ತದೆ. ಅದರ ತುಣುಕು ಕಳಚಿ ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ.

ಟೆನಿಸ್ ತಾರೆ ಸೆರೀನಾ ವಿಲಿಯಮ್ಸ್ ಅವರಿಗೆ ಆದದ್ದು ಇದೇ. 2011ರಲ್ಲಿಯೇ ಅವರ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿತ್ತು. ಆದ್ದರಿಂದ ಇದರ ಲಕ್ಷಣ ಅವರಿಗೆ ಗೊತ್ತಿತ್ತು. 2017ರ ಸೆಪ್ಟೆಂಬರ್ 1ರಂದು ಅಮೆರಿಕೆಯಲ್ಲಿ ತುರ್ತು ಸಿಝೇರಿಯನ್ ಮೂಲಕ ಅವರಿಗೆ ಮಗಳು ಹುಟ್ಟಿದಳು. ಶಸ್ತ್ರಚಿಕಿತ್ಸೆಯ ಕಾರಣ ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ ಆಗ ನಿಂತಿತ್ತು. ಮರುದಿನವೇ ಉಸಿರಾಟ ಕಷ್ಟವಾಯಿತು. ತಾಯಿ ಗಾಬರಿಯಾಗಬಾರದೆಂದು ಅವರು ಕೋಣೆಯಿಂದ ಹೊರಗೆ ನಡೆದುಹೋಗಿ, ಎದುರಿಗೆ ಸಿಕ್ಕ ನರ್ಸ್‌ಗೆ ತನಗೆ ಕೂಡಲೇ ಸಿ.ಟಿ. ಸ್ಕ್ಯಾನ್ ಆಗಬೇಕು, ಹೆಪಾರಿನ್ ಕೊಡಬೇಕು ಎಂದರು. ನೋವಿನ ಮದ್ದಿನ ಮಂಪರಿನಲ್ಲಿ ಏನೋ ಹೇಳುತ್ತಿದ್ದಾರೆಂದು ನರ್ಸ್ ಭಾವಿಸಿದರು. ವೈದ್ಯರು ಮೊದಲು ಕಾಲಿನ ಸ್ಕ್ಯಾನ್ ಮಾಡಿದರು. ಅದರಲ್ಲಿ ಏನೂ ಕಾಣಲಿಲ್ಲ. ಸೆರೀನಾ ಹಟ ಬಿಡಲಿಲ್ಲ. ಸಿ.ಟಿ. ಮಾಡಿದಾಗ ಶ್ವಾಸಕೋಶದಲ್ಲಿ ಹಲವು ಸಣ್ಣ ಗಡ್ಡೆಗಳು ಕಂಡವು. ಕೆಮ್ಮಿನ ರಭಸಕ್ಕೆ ಹೊಲಿಗೆ ಬಿಚ್ಚಿತು, ಹೊಟ್ಟೆಯೊಳಗೆ ರಕ್ತ ಕೂಡಿತು, ಮತ್ತೆ ಶಸ್ತ್ರಚಿಕಿತ್ಸೆಗಳಾದವು. ಮನೆಗೆ ಬಂದ ಮೇಲೂ ಆರು ವಾರ ಹಾಸಿಗೆಯಲ್ಲೇ. 2018ರ ಆರಂಭದಲ್ಲಿ ಅವರೇ ಇದನ್ನು ಬಹಿರಂಗವಾಗಿ ಹೇಳಿಕೊಂಡರು.

ಅಷ್ಟು ಹೆಸರು, ಹಣ, ಹಿಂದಿನ ಅನುಭವ ಇದ್ದವರಿಗೇ ತಮ್ಮ ಮಾತು ನಂಬಿಸುವುದು ಕಷ್ಟವಾಯಿತು. ನಮ್ಮ ಇಪ್ಪತ್ತೆರಡು ವರ್ಷದ ಚೊಚ್ಚಲ ಬಾಣಂತಿ ಯಾರ ಮುಂದೆ ಹಟ ಹಿಡಿಯಬೇಕು? “ಅವ್ವಾ, ಎದಿ ಹಿಡದಂಗ ಆಗೇದ” ಎಂದರೆ, “ಬಾಣಂತ್ಯಾಗ ವಾಯು ಇದ್ದದ್ದೇ, ಸುಮ್ಮನ ಮಲಗವಾ” ಎನ್ನುವ ಮನೆಗಳೇ ಹೆಚ್ಚು. ಓಮಿನ ಕಷಾಯ ಕುಡಿಸಿ ಬೆಳಗಿನವರೆಗೆ ಕಾಯುತ್ತಾರೆ. ಕಾಯಬಾರದು ಎಂಬುದೇ ನಮ್ಮ ಬಿನ್ನಹ. ಒಮ್ಮೆಲೇ ಉಸಿರು ಸಾಲದಾಗುವುದು, ಉಸಿರೆಳೆದರೆ ಎದೆ ಚುಚ್ಚುವುದು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಒಂದಿದ್ದರೂ ರಾತ್ರಿ ಎರಡು ಗಂಟೆಯಾದರೂ ಗಾಡಿ ಹೊರಡಿಸಬೇಕು. ಒಂದೇ ಕಾಲು ಬಾತು, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಅಂದೇ ತೋರಿಸಿ, ಡಾಪ್ಲರ್ ಪರೀಕ್ಷೆ ಮಾಡಿಸಿ. ಜತ್ತದ ಕಡೆಯವರು ಮಿರಜಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ ಹೋಗಬೇಕಾದೀತು. ಅಳಿಯಂದಿರ ಒಪ್ಪಿಗೆಗೆ, ಬೀಗರ ಫೋನಿಗೆ ಕಾಯುವ ಸಮಯ ಅದಲ್ಲ.

ಇನ್ನೊಂದು ರೂಪ ನಮ್ಮ ದೇಶದ ಬಾಣಂತಿಯರಲ್ಲಿ ವಿಶೇಷವಾಗಿ ಕಂಡುಬಂದಿದೆ: ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟುವುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ಬಹಳ ಹಿಂದಿನಿಂದ ಬರೆದಿದ್ದಾರೆ. ತಗ್ಗದ ತಲೆನೋವು, ವಾಂತಿ, ಕಣ್ಣು ಮಂಜು, ಫಿಟ್ಸ್, ಒಂದು ಕೈಕಾಲಿನ ಸೋಲು ಇದರ ಲಕ್ಷಣ. ಇದನ್ನು ಬಾಣಂತಿ ಸನ್ನಿ ಎಂದು ತಿಳಿದು ತಾಯಿತ ಕಟ್ಟಿದವರಿದ್ದಾರೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂದು ಗುಟುಕು ಗುಟುಕಾಗಿ ಕೊಡುವ ರೂಢಿ ನಮ್ಮಲ್ಲಿತ್ತು, ಪೂರ್ತಿ ಹೋಗಿಲ್ಲ. ದೇಹದಲ್ಲಿ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ. ಕಾಯಿಸಿ ಆರಿಸಿದ ನೀರನ್ನು ಬೇಕಾದಷ್ಟು ಕೊಡಿ. ರಾತ್ರಿ ನೀರೂ ಬಿಟ್ಟ ಶ್ರಾವಿಕೆಯರು ಹಗಲಿನಲ್ಲಿಯೇ ಸಾಕಷ್ಟು ಕುಡಿಯಬೇಕು. ಮೊಲೆಯುಣಿಸುವವಳಿಗೆ ಅಷ್ಟು ಸಾಲದಿದ್ದರೆ ಏನು ಮಾಡಬೇಕೆಂದು ಗುರುಗಳನ್ನು ಹೆರಿಗೆಗೆ ಮೊದಲೇ ಕೇಳಿಟ್ಟುಕೊಳ್ಳುವುದು ಒಳಿತು. ಬೆಚ್ಚಗಿನ ಕೋಣೆ, ಸೂತಕದ ದಿನಗಳು ಇರಲಿ. ಆದರೆ ವೈದ್ಯರು ಎದ್ದು ನಡೆಯಲು ಹೇಳಿದ ದಿನದಿಂದ ಆಕೆ ಆ ಕೋಣೆಯಲ್ಲಾದರೂ ಓಡಾಡಬೇಕು.

ಚಿಕಿತ್ಸೆಯ ವಿಷಯದಲ್ಲಿ ನಮ್ಮವರಿಗೆ ಒಂದು ಪ್ರಶ್ನೆ ಬರುವುದು ಸಹಜ. ಹೆಪಾರಿನ್ ಮತ್ತು ಅದರಿಂದಲೇ ತಯಾರಿಸುವ ಎನಾಕ್ಸಪ್ಯಾರಿನ್ ಚುಚ್ಚುಮದ್ದುಗಳು ಹಂದಿಯ ಕರುಳಿನ ಒಳಪೊರೆಯಿಂದ ಬರುತ್ತವೆ. ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇವೆ. ಪೂರ್ಣ ಕೃತಕವಾಗಿ ತಯಾರಾಗುವ ಫಾಂಡಾಪ್ಯಾರಿನಕ್ಸ್ ಎಂಬ ಚುಚ್ಚುಮದ್ದೂ ಇದೆ. ಅದು ಎಲ್ಲರಿಗೂ ಹೊಂದುವುದಿಲ್ಲ. ಆಗುವುದೋ ಇಲ್ಲವೋ ವೈದ್ಯರೇ ಹೇಳಬೇಕು. ಈ ಪ್ರಶ್ನೆಯನ್ನು ಬಸುರಿನ ತಪಾಸಣೆಯ ದಿನಗಳಲ್ಲೇ ಕೇಳಿ. ಉಸಿರಿಗಾಗಿ ಒದ್ದಾಡುವ ಬಾಣಂತಿಯ ಮಂಚದ ಪಕ್ಕ ನಿಂತು ಚರ್ಚಿಸಿದರೆ ಆಕೆಯ ಜೀವಕ್ಕೇ ಕುತ್ತು. ಆ ಹೊತ್ತಿನಲ್ಲಿ ಕೈಗೆ ಸಿಕ್ಕ ಮದ್ದು ಕೊಡಿಸುವುದೇ ಸರಿಯೆಂದು ನಮ್ಮ ಅಭಿಪ್ರಾಯ.

ಆಮೇಲೆ ಕೊಡುವ ವಾರ್‌ಫರಿನ್ ಮಾತ್ರೆ ಪ್ರಾಣಿಜನ್ಯವಲ್ಲ. ಇದು 1948ರಲ್ಲಿ ಪೇಟೆಗೆ ಬಂದದ್ದು ಇಲಿ ಪಾಷಾಣವಾಗಿ ಎಂಬುದು ಬೇರೆ ಮಾತು! ಮಾತ್ರೆಯ ಪೂರ್ಣ ಗುಣ ಕಾಣಲು ಐದಾರು ದಿನ ಬೇಕು. ಆದ್ದರಿಂದ ಆರಂಭದಲ್ಲಿ ಚುಚ್ಚುಮದ್ದು ತಪ್ಪುವುದಿಲ್ಲ. ಇವೆರಡನ್ನೂ ಪಡೆಯುತ್ತಾ ಮಗುವಿಗೆ ಹಾಲುಣಿಸಬಹುದು. ಹೊಸ ಬಗೆಯ ಮಾತ್ರೆಗಳನ್ನು ಮಾತ್ರ ಹಾಲುಣಿಸುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ವಾರ್‌ಫರಿನ್ ನುಂಗುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಆಗಾಗ ಮಾಡಿಸಬೇಕು. ಮೆಂತ್ಯ, ಪಾಲಕದಂತಹ ಸೊಪ್ಪು ಈ ಮಾತ್ರೆಯ ಬಲ ಕುಗ್ಗಿಸುತ್ತದೆ. ದಿನವೂ ಒಂದೇ ಹದದಲ್ಲಿ ತಿಂದರೆ ತೊಂದರೆಯಿಲ್ಲ, ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ. ಆದರೆ ದಶಲಕ್ಷಣ ಪರ್ವದಲ್ಲಿ ಹಸಿರನ್ನು ಒಮ್ಮೆಲೇ ಬಿಟ್ಟರೆ ಅದೇ ಪ್ರಮಾಣ ಅತಿಯಾಗಿ, ಒಸಡಿನಲ್ಲೋ ಹೊಟ್ಟೆಯಲ್ಲೋ ರಕ್ತ ಸೋರಬಹುದು. ನಮ್ಮ ಪರ್ವಗಳ ಲೆಕ್ಕ ಬೇರೆ ಸಮಾಜದ ವೈದ್ಯರಿಗೆ ತಿಳಿದಿರುವುದಿಲ್ಲ. ನೀವೇ ಮುಂಚಿತವಾಗಿ ತಿಳಿಸಬೇಕು. ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ನುಂಗಬೇಕು. ಸೂರ್ಯಾಸ್ತದ ಮೊದಲಿನ ಸಮಯ ಗೊತ್ತುಮಾಡಿಕೊಡಿರೆಂದರೆ ವೈದ್ಯರು ಹಾಗೆಯೇ ಬರೆದುಕೊಡುತ್ತಾರೆ.

ಚಿಕಿತ್ಸೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಕಡಿಮೆಯಿರುವುದಿಲ್ಲ. ಕಾಲಿನ ಬಾವು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ, ಬಿಗಿ ಕಾಲುಚೀಲ ಧರಿಸಬೇಕಾಗುತ್ತದೆ. ಒಮ್ಮೆ ಹೀಗಾದವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ನುಂಗಬಾರದು. ಮುಟ್ಟು ಮುಂದೂಡಲು ಔಷಧದಂಗಡಿಯಿಂದ ಸ್ವತಃ ಗುಳಿಗೆ ತರುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಮತ್ತೆ ಬಸಿರಾಗಬಾರದೆಂದೇನೂ ಇಲ್ಲ. ಸೆರೀನಾ ಅವರಿಗೆ 2023ರಲ್ಲಿ ಎರಡನೆಯ ಮಗಳು ಹುಟ್ಟಿದ್ದಾಳೆ. ಆದರೆ ತಿಂಗಳು ನಿಂತೊಡನೆ ಹಳೆಯ ಕಾಗದಪತ್ರಗಳೊಡನೆ ವೈದ್ಯರನ್ನು ಕಾಣಬೇಕು. ಹಲವರಿಗೆ ಬಸುರಿನುದ್ದಕ್ಕೂ, ಹೆರಿಗೆಯಾದ ಮೇಲೆ ಆರು ವಾರವೂ ಚುಚ್ಚುಮದ್ದು ಕೊಡುತ್ತಾರೆ. ವಾರ್‌ಫರಿನ್ ಗರ್ಭದ ಶಿಶುವಿಗೆ ಕೆಡುಕು. ಅದನ್ನು ನುಂಗುತ್ತಿರುವವರು ಬಸಿರಾಗುವ ಯೋಚನೆಯಿದ್ದರೆ ಮೊದಲೇ ಹೇಳಬೇಕು. ತಾಯಿಗೋ ಅಕ್ಕ-ತಂಗಿಗೋ ಹೀಗೆ ಆಗಿದ್ದರೆ ಅದನ್ನೂ ಮೊದಲ ತಪಾಸಣೆಯ ದಿನವೇ ಹೇಳಿ ಚೀಟಿಯಲ್ಲಿ ಬರೆಸಿಡಿ.