ವಜ್ರದ ಸಾಣೆಚಕ್ರವೂ ಕಾರ್ಮಿಕನ ಉಸಿರೂ

ವಜ್ರವನ್ನು ಕೊಯ್ಯಲು ವಜ್ರವೇ ಬೇಕೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಒಡವೆಯ ಅಂಗಡಿಯಲ್ಲಿ ಮೆರೆಯುವ ಈ ವಸ್ತು ಯಂತ್ರಶಾಲೆಯಲ್ಲಿ ದುಡಿಯುವುದನ್ನು ಕಂಡವರು ಕಡಿಮೆ. 1955ರಲ್ಲಿ ಅಮೆರಿಕದ ಜನರಲ್ ಇಲೆಕ್ಟ್ರಿಕ್ ಸಂಸ್ಥೆಯು ಕೃತಕ ವಜ್ರದ ತಯಾರಿಕೆಯನ್ನು ಪ್ರಕಟಿಸಿದ ತರುವಾಯ ವಜ್ರದ ಸಾಣೆಚಕ್ರಗಳ ಬಳಕೆ ಬಹುವಾಗಿ ಹಬ್ಬಿತು.

ಸಾಲದ ಪರಿಶೀಲನೆಗಾಗಿ ಸಾಕಿನಾಕಾದ ಒಂದು ಗಾಲಾಕ್ಕೆ ನಾನು ಹೋಗಿದ್ದೆ. ಕಾರ್ಬೈಡ್ ಉಳಿಗಳಿಗೆ ಸಾಣೆ ಹಿಡಿಯುವ ಕೆಲಸ ಅಲ್ಲಿಯದು. ಸಾಣೆಚಕ್ರಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇರಿಸಿದ್ದರು. ಕಾರ್ಮಿಕನ ಮುಖಗವಸು ಮಾತ್ರ ಧೂಳು ಹಿಡಿದು ಮೊಳೆಗೆ ತೂಗಾಡುತ್ತಿತ್ತು. ಆತ ನೀರನ್ನು ನಿಲ್ಲಿಸಿ ಸಾಣೆ ಹಿಡಿಯುತ್ತ ಕೆಮ್ಮುತ್ತಿದ್ದ. ಕಾರಣ ಕೇಳಿದೆ. "ನೀರು ಬಿಟ್ರೆ ಅಂಚು ಕಾಣಂಗಿಲ್ಲ ಸಾಹೇಬ್ರ" ಎಂದ.

ಚಕ್ರದಲ್ಲಿ ವಜ್ರವಿರುವುದು ಅಂಚಿನ ಕೆಲವೇ ಮಿಲಿಮೀಟರು ದಪ್ಪದ ಪದರದಲ್ಲಿ. ಅದು ಉಳಿಯಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಬೇಕು. ಚಕ್ರದ ಮೇಲೆ ನಮೂದಿಸಿದ ವೇಗವನ್ನು ಮೀರಬಾರದು. ವಜ್ರವು ಇಂಗಾಲವಾದುದರಿಂದ ಕಾವಿನಲ್ಲಿ ಉಕ್ಕಿನೊಡನೆ ಬೆರೆತು ಬೇಗ ಸವೆಯುತ್ತದೆ. ಆದುದರಿಂದ ಉಳಿಯ ಉಕ್ಕಿನ ಭಾಗವನ್ನು ಮೊದಲು ಸಾಮಾನ್ಯ ಸಾಣೆಕಲ್ಲಿನಿಂದ ತೆಗೆಯಬೇಕು. ಚಕ್ರದ ಮೈ ಮಿರುಗತೊಡಗಿ ಕೊರೆಯದೆ ಉಜ್ಜತೊಡಗಿದರೆ ಬಲವಾಗಿ ಒತ್ತಬಾರದು. ಬಿಳಿಯ ಅಲ್ಯೂಮಿನಿಯಮ್ ಆಕ್ಸೈಡ್ ಕಡ್ಡಿಯನ್ನು ನೆನೆಸಿ ಹಗುರವಾಗಿ ತಾಗಿಸಿದರೆ ಹರಳುಗಳು ಮತ್ತೆ ತೆರೆದುಕೊಳ್ಳುತ್ತವೆ. ನೀರನ್ನು ಧಾರೆಯಾಗಿ, ಎಡೆಬಿಡದೆ ಹರಿಸಬೇಕು. ಕಾದ ಕಾರ್ಬೈಡಿನ ಮೇಲೆ ಆಗಾಗ ನೀರು ಚಿಮುಕಿಸಿದರೆ ಅದು ಬಿರುಕು ಬಿಡುತ್ತದೆ.

ಈ ನೀರು ಚಕ್ರಕ್ಕೆ ಮಾತ್ರ ಬೇಕಾದುದಲ್ಲ. ಕಾರ್ಬೈಡಿನ ಕಣಗಳನ್ನು ಬೆಸೆಯುವ ಲೋಹ ಕೋಬಾಲ್ಟ್. ಇವೆರಡರ ಧೂಳು ಎದೆಯನ್ನು ಸೇರಿದರೆ ಕೆಲವರಲ್ಲಿ ಆಸ್ತಮಾ ಬರುತ್ತದೆ. ಕೆಲವರಲ್ಲಿ ಶ್ವಾಸಕೋಶವೇ ಗಡುಸಾಗಿ ಏದುಸಿರು ಶಾಶ್ವತವಾಗುತ್ತದೆ. ಕೋಬಾಲ್ಟ್ ಮತ್ತು ಟಂಗ್‌ಸ್ಟನ್ ಕಾರ್ಬೈಡ್ ಕೂಡಿದ ಧೂಳು ಬಹುಶಃ ಕ್ಯಾನ್ಸರ್ ತರುವಂಥದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2006ರ ಗ್ರಂಥದಲ್ಲಿ ಹೇಳಿದೆ.

ನೀರೊಂದೇ ಸಾಲದು. ಮರಳಿ ಮರಳಿ ಬಳಸಿದ ಸಾಣೆಯ ದ್ರವದಲ್ಲಿ ಕೋಬಾಲ್ಟ್ ಕರಗಿ, ಸೂಕ್ಷ್ಮ ತುಂತುರಾಗಿ ಉಸಿರಿನೊಳಗೆ ಹೋಗುತ್ತದೆ. ಆದ್ದರಿಂದ ದ್ರವವನ್ನು ಕಾಲಕಾಲಕ್ಕೆ ಬದಲಿಸಬೇಕು. ಚಕ್ರದ ಬಳಿಯೇ ಧೂಳನ್ನೂ ತುಂತುರನ್ನೂ ಸೆಳೆದು ಸೋಸುವ ಯಂತ್ರವಿರಬೇಕು. ಕಾರ್ಮಿಕನಿಗೆ ಮುಖಕ್ಕೆ ಸರಿಯಾಗಿ ಕೂಡುವ, ಸೂಕ್ಷ್ಮ ಕಣಗಳನ್ನು ತಡೆಯುವ ಮುಖಗವಸನ್ನು ಕೊಡಬೇಕು. ಬಟ್ಟೆಯ ಕರವಸ್ತ್ರದಿಂದ ಪ್ರಯೋಜನವಿಲ್ಲ. ರಜೆಯ ದಿನಗಳಲ್ಲಿ ಇಳಿದು ಕೆಲಸದ ದಿನ ಮರಳುವ ಕೆಮ್ಮನ್ನು "ಮುಂಬಯಿಯ ಹವೆ" ಎಂದು ತಳ್ಳಿಹಾಕದೆ, ತಾನು ಮಾಡುವ ಕೆಲಸವನ್ನು ವೈದ್ಯರಿಗೆ ವಿವರವಾಗಿ ಹೇಳುವುದು ಅಗತ್ಯ.

ವಾಣಿಜ್ಯದ ವಿದ್ಯಾರ್ಥಿಯಾಗಿ ನಾನು ಕಲಿತಂತೆ ಯಂತ್ರಕ್ಕೆ ವರ್ಷವರ್ಷವೂ ಸವಕಳಿ ಬರೆಯುತ್ತೇವೆ. ಸವೆದುದಕ್ಕೆ ಬದಲು ಹೊಸತನ್ನು ಕೊಳ್ಳುತ್ತೇವೆ. ಕೆಮ್ಮುತ್ತಿದ್ದ ಆ ಕಾರ್ಮಿಕನ ಎದೆಯ ಸವಕಳಿಗೆ ನನ್ನ ಪರಿಶೀಲನಾ ಪತ್ರದಲ್ಲಿ ಅಂಕಣವಿರಲಿಲ್ಲ. ನಮ್ಮ ಬಾಂಧವರಲ್ಲಿ ಇಂತಹ ಗಾಲಾ ನಡೆಸುವವರೂ ಅಲ್ಲಿ ದುಡಿಯುವವರೂ ಇದ್ದಾರೆ. ಅವರು ಚಕ್ರಕ್ಕೆ ತೋರುವ ಕಾಳಜಿಯನ್ನು ಉಸಿರಿಗೂ ತೋರಲೆಂಬುದೇ ನನ್ನ ವಿನಂತಿ.